ಗಂಟಲೇ ಬಂಡವಾಳ: ಮೊಲ ಮಾರುವ ಯಬ್ಬಾನ ಕಥೆ

ಬ್ಯಾಟು ಹಿಡಿದವರಿಗೆ ಪ್ರತಿಮೆ ನಿಲ್ಲಿಸುವುದು ಲೋಕದಲ್ಲಿ ಹೊಸದೇನಲ್ಲ. ಬಾಲು ಹಾಕಿದವರಿಗೂ ನಿಲ್ಲಿಸುತ್ತಾರೆ. ಆದರೆ ಟಿಕೆಟ್ ತಗೊಂಡು, ಹುಲ್ಲಿನ ಮೇಲೆ ಕೂತು, ಬರೀ ಕೂಗಿದವನಿಗೆ ಪ್ರತಿಮೆ ಮಾಡಿಸಿದ ಊರೊಂದಿದೆ. ಆಸ್ಟ್ರೇಲಿಯಾದ ಸಿಡ್ನಿ. ಅಲ್ಲಿನ ಕ್ರಿಕೆಟ್ ಮೈದಾನದ ವಿಕ್ಟರ್ ಟ್ರಂಪರ್ ಸ್ಟ್ಯಾಂಡಿನಲ್ಲಿ, ಜನ ಕೂರುವ ಸೀಟುಗಳ ನಡುವೆಯೇ, 2008ರಿಂದ ಒಬ್ಬ ಕಂಚಿನ ಮನುಷ್ಯ ಕೂತಿದ್ದಾನೆ. ಒಂದು ಓಟವನ್ನೂ ಗಳಿಸದವ. ಒಂದು ವಿಕೆಟ್ಟನ್ನೂ ತೆಗೆಯದವ. ಹೊಟ್ಟೆಪಾಡಿಗೆ ಬೀದಿ ಬೀದಿಯಲ್ಲಿ ಮೊಲ ಮಾರುತ್ತಿದ್ದವ.

ದಾಖಲೆಯಲ್ಲಿ ಇವನ ಹೆಸರು ಸ್ಟೀಫನ್ ಹೆರಾಲ್ಡ್ ಗ್ಯಾಸ್ಕಾಯ್ನ್. ಜನ ಕರೆದದ್ದು ಯಬ್ಬಾ ಅಂತ. ನಮ್ಮಲ್ಲಿ ಭಾರ ಇಳಿಸಿದಾಗ ಬಾಯಿಂದ ಬರುವ ಯಬ್ಬಾ ಇದಲ್ಲ. ವಟವಟ ಮಾತಾಡುವುದಕ್ಕೆ ಆ ಕಡೆ ಯಬ್ಬರ್ ಅನ್ನುತ್ತಾರೆ. ಬಾಯಿ ಮುಚ್ಚದವನಿಗೆ ಆ ಹೆಸರೇ ಗಟ್ಟಿಯಾಯಿತು.

ಹುಟ್ಟಿದ್ದು 1878ರ ಮಾರ್ಚ್ 19ರಂದು, ಸಿಡ್ನಿಯ ರೆಡ್‌ಫರ್ನ್ ಬಡಾವಣೆಯಲ್ಲಿ. ಕೂಲಿಕಾರರು, ಸಣ್ಣ ಸಂಪಾದನೆಯವರು ಒತ್ತೊತ್ತಾಗಿ ಬದುಕುವ ಕೇರಿ. ಆಮೇಲೆ ಅವನ ಬದುಕು ನಡೆದದ್ದು ಬಂದರಿನ ಪಕ್ಕದ ಬಾಲ್ಮೇನ್‌ನಲ್ಲಿ. ಅದೂ ಹಡಗುಕಟ್ಟೆಯ ಕೆಲಸಗಾರರ ಜಾಗವೇ. ಒಂದು ಕುದುರೆ, ಒಂದು ಗಾಡಿ, ಗಾಡಿ ತುಂಬ ಮೊಲ. ಇಷ್ಟೇ ಅವನ ಅಂಗಡಿ.

ಮೊಲ ಯಾಕೆ ಅಂತ ಕೇಳಬಹುದು. ಆಸ್ಟ್ರೇಲಿಯಾದಲ್ಲಿ ಈ ಕಾಡುಮೊಲ ಮೊದಲು ಇರಲಿಲ್ಲ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ಬೇಟೆಯ ಶೋಕಿಗೆ ಇಂಗ್ಲೆಂಡಿನಿಂದ ಕೆಲವು ಮೊಲ ತರಿಸಿ ಬಿಟ್ಟ. ಅವು ಕೋಟಿಗಟ್ಟಲೆ ಆಗಿ ರೈತರ ಬೆಳೆಯನ್ನೆಲ್ಲ ಮೇಯ್ದು ಹಾಕಿದವು. ರೈತನಿಗೆ ಶನಿಯಾದದ್ದು ಪಟ್ಟಣದ ಬಡವನಿಗೆ ಊಟವಾಯಿತು. ಕುರಿ, ದನದ ಮಾಂಸ ಕೊಳ್ಳಲಾಗದವನು ಮೊಲ ಕೊಂಡ. ಬೀದಿಯಲ್ಲಿ ಕೂಗಿ ಮಾರುವವರಿಗೆ ರ‍್ಯಾಬಿಟೋ ಅಂತಲೇ ಹೆಸರು ಬಂತು. ಅದೇ ರೆಡ್‌ಫರ್ನ್ ಕಡೆ 1908ರಲ್ಲಿ ಹುಟ್ಟಿದ ಸೌತ್ ಸಿಡ್ನಿ ರಗ್ಬಿ ಕ್ಲಬ್ಬನ್ನು ಇವತ್ತಿಗೂ ಕರೆಯುವುದು ರ‍್ಯಾಬಿಟೋಸ್ ಎಂದು. ಮೊಲ ಮಾರುವವರ ಕೂಗು ಒಂದು ರಗ್ಬಿ ತಂಡದ ಹೆಸರಾಗಿ ಉಳಿಯಿತು ನೋಡಿ.

ಬೀದಿ ವ್ಯಾಪಾರ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರನೇ ಬೀದಿಯ ಅಡುಗೆಮನೆಯವರೆಗೂ ದನಿ ಮುಟ್ಟಬೇಕು. ಬರೀ ಜೋರಾದರೆ ಸಾಲದು, ಕೇಳಿದವರು ನಕ್ಕು ಬಾಗಿಲಿಗೆ ಬರಬೇಕು. ಯಬ್ಬಾನ ಗಂಟಲು ಪಳಗಿದ್ದು ಹೀಗೆ. ವಾರವೆಲ್ಲ ಮೊಲ ಮಾರಿದ ಅದೇ ಗಂಟಲನ್ನು ಮ್ಯಾಚಿನ ದಿನ ಮೈದಾನಕ್ಕೆ ಹೊತ್ತುಕೊಂಡು ಹೋಗುತ್ತಿದ್ದ.

ದಿನ್ನೆಯ ಜನ

ಸಿಡ್ನಿ ಮೈದಾನದಲ್ಲಿ ದೊಡ್ಡವರಿಗೆ, ಮೆಂಬರುಗಳಿಗೆ ಮಾಡು ಹಾಕಿದ ಪೆವಿಲಿಯನ್. ಉಳಿದವರಿಗೆ ಸ್ಕೋರ್ ಬೋರ್ಡಿನ ಕೆಳಗೆ ಇಳಿಜಾರಾದ ಒಂದು ಹುಲ್ಲುದಿನ್ನೆ. ಅದನ್ನು ಬರೀ ಹಿಲ್ ಅನ್ನುತ್ತಿದ್ದರು. ನೆರಳಿಲ್ಲ, ಕುರ್ಚಿಯಿಲ್ಲ. ಕಡಿಮೆ ಕಾಸಿನ ಟಿಕೆಟ್. ಬುತ್ತಿ ಗಂಟು, ಬಿಯರ್ ಬಾಟಲಿ ಹಿಡಿದು ಬಂದ ಜನ ಅಲ್ಲಿ ಕೂರುತ್ತಿದ್ದರು. ಯಬ್ಬಾನ ಜಾಗವೂ ಅದೇ.

ಬೇಸಿಗೆಯಲ್ಲಿ ಅಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ರಗ್ಬಿ. 1899ರಲ್ಲಿ ಆಸ್ಟ್ರೇಲಿಯಾ ತನ್ನ ಮೊಟ್ಟಮೊದಲ ರಗ್ಬಿ ಟೆಸ್ಟ್ ಆಡಿದ್ದು ಇದೇ ಮೈದಾನದಲ್ಲಿ. ಬ್ರಿಟನ್ನಿನಿಂದ ಬಂದ ತಂಡವನ್ನು 13-3ರಿಂದ ಸೋಲಿಸಿತು. 1932ರ ಜೂನ್‌ನಲ್ಲಿ ಇಂಗ್ಲೆಂಡಿನ ಜೊತೆ ರಗ್ಬಿ ಲೀಗ್ ಟೆಸ್ಟ್ ನಡೆದಾಗ ಬಂದವರು 70,204 ಮಂದಿ. ಆಗ ಲೋಕಕ್ಕೆಲ್ಲ ಮುಗ್ಗಟ್ಟು. ಕಾರ್ಖಾನೆಗಳು ಮುಚ್ಚಿ, ಕೆಲಸವಿಲ್ಲದವರು ಬೀದಿಯಲ್ಲಿ ತುಂಬಿದ್ದ ವರ್ಷ ಅದು. ಮೊಲದ ಮಾಂಸವೇ ಬಹಳ ಮನೆಗಳ ಊಟ. ಅಂಥ ಕಾಲದಲ್ಲೂ ಕಾಸು ಕೂಡಿಸಿ ಜನ ಬಂದರು. ಆಸ್ಟ್ರೇಲಿಯಾ 6-8ರಿಂದ ಸೋತಿತು. ಆಟ ನೋಡುವುದು ಹೊಟ್ಟೆ ತುಂಬಿದವರ ಹವ್ಯಾಸ ಅನ್ನುವವರು ಈ ಲೆಕ್ಕ ಒಮ್ಮೆ ನೋಡಬೇಕು.

ಇನ್ನು ಯಬ್ಬಾನ ಕೂಗು. ಇವನು ಬರೀ ಗದ್ದಲ ಮಾಡುವವನಲ್ಲ. ಸುಮ್ಮನೆ ಕೂತು ಆಟ ನೋಡುವವನು. ಗಂಟೆಗಟ್ಟಲೆ ನೋಡಿ, ಎಲ್ಲರೂ ಮೌನವಾಗಿದ್ದ ಹೊತ್ತಿನಲ್ಲಿ ಒಂದೇ ಮಾತು ಬಿಡುತ್ತಿದ್ದ. ಅದು ದಿನ್ನೆಯಿಂದ ಪಿಚ್ಚಿನವರೆಗೂ ಕೇಳುತ್ತಿತ್ತು. ಲೈನು ತಪ್ಪಿ ಅತ್ತಿತ್ತ ಎಸೆಯುವ ಬೌಲರನಿಗೆ, ನಿನ್ನ ಉದ್ದ ಸರಿಯಿಲ್ಲ, ಅಗಲ ಮಾತ್ರ ಭೇಷಾಗಿದೆ ಅಂತ ತಿವಿದನಂತೆ. ಬಹಳ ಹೊತ್ತು ಸೊನ್ನೆಗೆ ಅಂಟಿಕೊಂಡ ಬ್ಯಾಟ್ಸ್‌ಮನ್ ಕೊನೆಗೆ ಒಂದು ಓಟ ತೆಗೆದರೆ, ಕುದುರೆ ಲಗಾಮು ಹರಿದು ಓಡಿತು ಹಿಡೀರಿ ಅಂತ ಬೊಬ್ಬೆ. ಮತ್ತೊಬ್ಬ ನಿಧಾನಿಗೆ, ನೀನು ಪ್ರತಿಮೆ ಆಗಬೇಕಿತ್ತು, ನಾನು ಪಾರಿವಾಳ ಆಗಬೇಕಿತ್ತು ಅಂತ ಹಾರೈಸಿದನೆಂದು ಹೇಳುತ್ತಾರೆ. ಈಗ ಪ್ರತಿಮೆ ಆಗಿರುವುದು ಅವನೇ. ಪಾರಿವಾಳಗಳು ಲೆಕ್ಕ ತೀರಿಸಿಕೊಂಡರೆ ಬೇಡ ಅನ್ನುವವರಾರು?

ನಮ್ಮ ನವಾಬರಿಗೂ ಬಿಸಿ ತಟ್ಟಿತು

1932ರ ಡಿಸೆಂಬರ್‌ನಲ್ಲಿ ಡಗ್ಲಸ್ ಜಾರ್ಡಿನ್ ನಾಯಕತ್ವದ ಇಂಗ್ಲೆಂಡ್ ಸಿಡ್ನಿಯಲ್ಲಿ ಮೊದಲ ಟೆಸ್ಟ್ ಆಡಿತು. ಈ ಜಾರ್ಡಿನ್ ಹುಟ್ಟಿದ್ದು ನಮ್ಮ ಬೊಂಬಾಯಿಯಲ್ಲಿ, 1900ರಲ್ಲಿ. 1930ರಲ್ಲಿ ಬ್ರಾಡ್ಮನ್ ಒಂದೇ ಸರಣಿಯಲ್ಲಿ 974 ಓಟ ಹೊಡೆದು ಇಂಗ್ಲೆಂಡಿನ ನಿದ್ದೆ ಕೆಡಿಸಿದ್ದ. ಅವನನ್ನು ಕಟ್ಟಿಹಾಕಲು ಜಾರ್ಡಿನ್ ಹೂಡಿದ ಉಪಾಯವೇ ಬಾಡಿಲೈನ್. ಎದೆಗೆ, ತಲೆಗೆ ನೇರವಾಗಿ ಪುಟಿಯುವ ವೇಗದ ಬಾಲು. ಲೆಗ್ ಕಡೆ ಕ್ಯಾಚ್ ಹಿಡಿಯಲು ಸಾಲಾಗಿ ನಿಂತ ಜನ. ಹೆಲ್ಮೆಟ್ ಇಲ್ಲದ ಕಾಲ ಸ್ವಾಮಿ ಅದು.

ಆ ಟೆಸ್ಟಿಗೆ ಬ್ರಾಡ್ಮನ್ ಇರಲಿಲ್ಲ. ಸ್ಟಾನ್ ಮೆಕೇಬ್ ಒಬ್ಬನೇ ಎದೆಯೊಡ್ಡಿ ಔಟಾಗದೆ 187 ಹೊಡೆದ. ಲಾರ್‌ವುಡ್ 10 ವಿಕೆಟ್ ಕಿತ್ತ. ಇಂಗ್ಲೆಂಡ್ 10 ವಿಕೆಟ್ಟಿನಿಂದ ಗೆದ್ದಿತು. ದಿನ್ನೆಯ ಜನಕ್ಕೆ ಜಾರ್ಡಿನ್ ಮುಖ ಕಂಡರೆ ಆಗದು. ಅಂಥ ಹೊತ್ತಿನಲ್ಲಿ, ಮುಖಕ್ಕೆ ಮುತ್ತಿದ ನೊಣವನ್ನು ಜಾರ್ಡಿನ್ ಕೈಬೀಸಿ ಓಡಿಸಿದಾಗ ಯಬ್ಬಾ ಎದ್ದು, ನಮ್ಮ ನೊಣದ ತಂಟೆಗೆ ಬರಬೇಡ, ಈ ದೇಶದಲ್ಲಿ ನಿನಗಿರುವ ಗೆಳೆಯರು ಅವು ಮಾತ್ರ ಅಂದನೆಂಬ ಕಥೆ ಇವತ್ತಿಗೂ ಓಡಾಡುತ್ತಿದೆ. ಸಿಟ್ಟಿನಲ್ಲಿದ್ದ ಜನ ನಕ್ಕರೆ, ಎತ್ತಿದ ಕೈ ತಾನಾಗಿ ಕೆಳಗಿಳಿಯುತ್ತದೆ.

ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಪರ ಆಡಿದ ಪಟೌಡಿ ನವಾಬ ಇಫ್ತಿಕಾರ್ ಅಲಿ ಖಾನ್ ತಮ್ಮ ಮೊದಲ ಟೆಸ್ಟಿನಲ್ಲೇ 102 ಹೊಡೆದರು. ನಮ್ಮ ಟೈಗರ್ ಪಟೌಡಿಯ ತಂದೆ ಇವರು. ಶತಕವೇನೋ ಬಂತು, ಆದರೆ ಆಮೆ ನಡಿಗೆ. ಅಂಪೈರ್ ಜಾರ್ಜ್ ಬೋರ್ವಿಕ್ ಗ್ಯಾಸ್ ಮೀಟರ್ ತಪಾಸಣೆಯ ನೌಕರ. ಆ ಕಾಲದ ಮೀಟರಿಗೆ ಪುಡಿಕಾಸು ಹಾಕಿದರೆ ಗ್ಯಾಸ್ ಬರೋದು, ಕಾಸು ಮುಗಿದರೆ ಮೀಟರ್ ಗಪ್‌ಚಿಪ್. ಯಬ್ಬಾ ದಿನ್ನೆಯಿಂದಲೇ ಅಂಪೈರನಿಗೆ ಸಲಹೆ ಕೊಟ್ಟನಂತೆ: ಈ ನವಾಬನ ಮೀಟರ್ ನಿಂತಿದೆ, ಒಂದು ಪೆನ್ನಿ ಹಾಕಿ ನೋಡು ಅಂತ. ನವಾಬರ ಬಣ್ಣದ ಮಾತಿಲ್ಲ, ದೇಶದ ಮಾತಿಲ್ಲ. ತಮಾಷೆ ಆದದ್ದು ಆಡಿದ ಆಟಕ್ಕೆ ಮಾತ್ರ. ಯಬ್ಬಾನನ್ನು ಉಳಿದ ಬಾಯಿಬಡುಕರಿಂದ ಬೇರೆ ಮಾಡುವುದು ಇದೇ.

ಎದುರು ತಂಡದವರೂ ಇದನ್ನು ಅರಿತಿದ್ದರು. ಇಂಗ್ಲೆಂಡಿನ ಜಾಕ್ ಹಾಬ್ಸ್, 190ಕ್ಕೂ ಹೆಚ್ಚು ಶತಕ ಬಾರಿಸಿದ ಮಹಾಶಯ, 1928-29ರಲ್ಲಿ ಆಟಗಾರನಾಗಿ ಕೊನೆಯ ಬಾರಿ ಆಸ್ಟ್ರೇಲಿಯಾಕ್ಕೆ ಹೋಗಿದ್ದರು. ಸಿಡ್ನಿಯಲ್ಲಿ ಪ್ರೇಕ್ಷಕರಿಗೆ ವಿದಾಯ ಹೇಳುವಾಗ ದಿನ್ನೆಯ ಬಳಿ ಬಂದು, ಯಬ್ಬಾ ಎಲ್ಲಿದ್ದಾನೆ ಎಂದು ವಿಚಾರಿಸಿ, ಕೈಕುಲುಕಿ ಹೋದರು. ತನ್ನನ್ನು ವರ್ಷಗಟ್ಟಲೆ ಛೇಡಿಸಿದವನನ್ನು ಹುಡುಕಿಕೊಂಡು ಹೋಗಿ ಕೈ ಕೊಟ್ಟದ್ದು!

1935ರ ಜನವರಿಯಲ್ಲಿ ಇಂಗ್ಲೆಂಡಿನ ಹೆಣ್ಣುಮಕ್ಕಳ ತಂಡ ಸಿಡ್ನಿಯಲ್ಲಿ ಟೆಸ್ಟ್ ಆಡಿತು. ಹೆಣ್ಣುಮಕ್ಕಳಿಗೆ ಕ್ರಿಕೆಟ್ ಯಾಕೆ ಅನ್ನುವವರೇ ತುಂಬಿದ್ದ ಕಾಲ. ಯಬ್ಬಾ ಏನು ಗೇಲಿ ಮಾಡುತ್ತಾನೋ ಎಂದು ಕಾದಿದ್ದವರಿಗೆ ನಿರಾಸೆ. ಇವರು ಚೆನ್ನಾಗಿ ಆಡುತ್ತಿದ್ದಾರೆ, ನಾನು ಯಾಕೆ ಕೂಗಲಿ ಎಂಬುದು ಅವನ ತೀರ್ಪು.

1942ರ ಜನವರಿ 8ರಂದು ಲಿಡ್‌ಕೂಂಬ್‌ನಲ್ಲಿ ಯಬ್ಬಾ ಕಣ್ಣುಮುಚ್ಚಿದ. 63 ವರ್ಷ. ಯುದ್ಧದಿಂದಾಗಿ ಟೆಸ್ಟ್ ಪಂದ್ಯಗಳೆಲ್ಲ ನಿಂತಿದ್ದ ಹೊತ್ತು.

ಅವನಿಗೆ ಮೊದಲು, ಅವನ ನಂತರ

ಈ ಮೈದಾನದ ಜನ ಯಾವಾಗಲೂ ಬರೀ ಮಾತಿನಲ್ಲೇ ಮುಗಿಸಿದರು ಅಂದುಕೊಳ್ಳಬೇಡಿ. 1879ರ ಫೆಬ್ರವರಿ 8ರಂದು, ಯಬ್ಬಾ ಇನ್ನೂ ತೊಟ್ಟಿಲ ಕೂಸು, ಒಂದು ರನ್‌ಔಟ್ ತೀರ್ಪಿಗೆ ಸಿಟ್ಟಾಗಿ ಜನ ಮೈದಾನಕ್ಕೆ ನುಗ್ಗಿದರು. ಇಂಗ್ಲೆಂಡಿನ ನಾಯಕ ಲಾರ್ಡ್ ಹ್ಯಾರಿಸ್‌ಗೆ ದೊಣ್ಣೆ ಪೆಟ್ಟು ಬಿತ್ತು. ಆಟದ ಮೇಲೆ ಬಾಜಿ ಕಟ್ಟಿದವರ ಕೈವಾಡವೂ ಅದರಲ್ಲಿತ್ತು. ಅವತ್ತಿನ ಅಂಪೈರುಗಳಲ್ಲಿ ಒಬ್ಬರಾದ ಎಡ್ಮಂಡ್ ಬಾರ್ಟನ್ ಮುಂದೆ ಆಸ್ಟ್ರೇಲಿಯಾದ ಮೊದಲ ಪ್ರಧಾನಿಯಾದರು.

1971ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಜಾನ್ ಸ್ನೋ ಎಸೆದ ಬಾಲು ಟೆರ‍್ರಿ ಜೆನ್ನರ್ ತಲೆಗೆ ಬಡಿಯಿತು. ಆಮೇಲೆ ಸ್ನೋ ಬೇಲಿಯ ಬಳಿ ಫೀಲ್ಡಿಂಗಿಗೆ ಬಂದಾಗ ಪ್ರೇಕ್ಷಕನೊಬ್ಬ ಅಂಗಿ ಹಿಡಿದ. ಬಿಯರ್ ಡಬ್ಬಿಗಳು ಹಾರಿದವು. ನಾಯಕ ಇಲ್ಲಿಂಗ್‌ವರ್ತ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು.

ನಮ್ಮವರಿಗೂ ಈ ಮೈದಾನದ ಎರಡು ಮುಖ ಗೊತ್ತು. 1978ರ ಜನವರಿಯಲ್ಲಿ ಬೇಡಿಯ ತಂಡ ಇಲ್ಲಿ ಇನ್ನಿಂಗ್ಸ್ ಮತ್ತು 2 ಓಟದಿಂದ ಗೆದ್ದಿತು. ಮೊದಲ ಸರದಿಯಲ್ಲಿ ನಮ್ಮ ಚಂದ್ರಶೇಖರ್ 30 ಓಟ ಕೊಟ್ಟು 4, ಎರಡನೆಯದರಲ್ಲಿ ನಮ್ಮ ಪ್ರಸನ್ನ 51ಕ್ಕೆ 4. ಬ್ಯಾಟಿಂಗಿನಲ್ಲಿ ವಿಶ್ವನಾಥ್ 79. ದಿನ್ನೆಯ ಜನರ ಕಣ್ಣೆದುರೇ ಮೂವರು ಕನ್ನಡಿಗರು ಪಂದ್ಯ ಗೆಲ್ಲಿಸಿದರು. ಇದು ಒಂದು ಮುಖ. 2021ರ ಜನವರಿಯಲ್ಲಿ ಕಂಡದ್ದು ಇನ್ನೊಂದು. ಸಿರಾಜ್, ಬುಮ್ರಾ ಬೌಂಡರಿ ಬಳಿ ನಿಂತಿದ್ದಾಗ ಗುಂಪಿನಿಂದ ಜನಾಂಗ ನಿಂದನೆಯ ಬೈಗುಳ. ಆಟ ನಿಂತಿತು. ಪೊಲೀಸರು ಆರು ಮಂದಿಯನ್ನು ಎಬ್ಬಿಸಿ ಕಳಿಸಿದರು. ಬೈದವರು ಆ ಆರು ಜನ ಅಲ್ಲ, ಆದರೆ ಬೈದದ್ದು ನಿಜ ಎಂದು ಆಸ್ಟ್ರೇಲಿಯಾದ ಕ್ರಿಕೆಟ್ ಮಂಡಳಿಯೇ ತನಿಖೆ ನಡೆಸಿ ಒಪ್ಪಿಕೊಂಡಿತು.

ಅಂದರೆ ಬೈದವನು ಗುಂಪಿನಲ್ಲಿ ಮುಖ ಮರೆಸಿಕೊಂಡ. ಯಬ್ಬಾ ಎಂದೂ ಮರೆಯಲ್ಲಿ ಕೂತವನಲ್ಲ. ದನಿ ಕೇಳಿದೊಡನೆ ಇಡೀ ಮೈದಾನಕ್ಕೆ ಆಳು ಯಾರೆಂದು ಗೊತ್ತಾಗುತ್ತಿತ್ತು. ಎದುರು ತಂಡದವನು ಬಂದು ಕೈಕುಲುಕಬಹುದಾದ ಜಾಗದಲ್ಲಿ ಕೂತಿದ್ದ.

ಆ ಹುಲ್ಲುದಿನ್ನೆ ಈಗ ಇಲ್ಲ. ಸ್ವಲ್ಪ ಸ್ವಲ್ಪವಾಗಿ ಸೀಟುಗಳು ನುಂಗಿದವು, ಕೊನೆಗೆ ಕಾಂಕ್ರೀಟ್ ಸ್ಟ್ಯಾಂಡೇ ಎದ್ದಿತು. ನಮ್ಮಲ್ಲೂ ಮ್ಯಾಚ್ ಇದ್ದ ದಿನ ಟಿವಿ ಇರುವ ಅಂಗಡಿಯ ಮುಂದೆ ಒಂದು ಸಣ್ಣ ದಿನ್ನೆ ತಾನಾಗಿ ಎದ್ದು ನಿಲ್ಲುತ್ತದೆ. ಬಸ್ಸು ಹೋದರೂ ಪರವಾಗಿಲ್ಲ, ಓವರ್ ಮುಗಿಯಲಿ ಅನ್ನುವವರು. ಕೂಗಲಿ, ಧಾರಾಳವಾಗಿ ಕೂಗಲಿ. ಕ್ಯಾಚ್ ಬಿಟ್ಟವನ ಜಾತಿ, ಧರ್ಮ, ತಾಯಿಯ ಹೆಸರು ಎತ್ತುವ ಬಾಯಿ ಆ ಗುಂಪಿನಲ್ಲಿ ಒಂದಾದರೂ ಇದ್ದೇ ಇರುತ್ತದೆ. ಅಂಥವನಿಗೆ ಪಕ್ಕದಲ್ಲಿ ನಿಂತವರೇ ಈ ಮೊಲದ ವ್ಯಾಪಾರಿಯ ಕಥೆ ಹೇಳಿ ಸುಮ್ಮನಿರಿಸಬೇಕು. ಕ್ಯಾಚ್ ಬಿಟ್ಟದ್ದಕ್ಕೆ ಬೇಕಾದಷ್ಟು ತಮಾಷೆ ಮಾಡಲಿ, ಯಾರೂ ಬೇಡ ಅನ್ನುವುದಿಲ್ಲ.