ಎರಡನೆಯ ಸಲಕ್ಕೆ ಸತ್ತ ನಾಯಿ: ಶಾರ್ಲ್ ರಿಶೆ ಕಂಡುಕೊಂಡ ಅಪಾಯ, ಇಂದಿನ ಶಾಲೆಗಳಿಗೆ ಪಾಠ

ವಿಷವನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಾ ಹೋದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ವಿಷಕನ್ಯೆಯ ಕತೆ ನಿಂತಿರುವುದೂ ಈ ನಂಬಿಕೆಯ ಮೇಲೆಯೇ. ಆದರೆ ಕೆಲವೊಮ್ಮೆ ಇದು ಪೂರ್ತಿ ತಿರುಗುಮುರುಗಾಗುತ್ತದೆ: ಮೊದಲ ಸಲ ಏನೂ ಮಾಡದ ವಸ್ತು ಎರಡನೆಯ ಸಲ ಕೊಲ್ಲುತ್ತದೆ. ಇದನ್ನು ತೋರಿಸಿ ಹೆಸರಿಟ್ಟವರು ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಶಾರ್ಲ್ ರಿಶೆ.

ರಿಶೆ ಹುಟ್ಟಿದ್ದು 1850ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ಹೆಸರಾಂತ ಶಸ್ತ್ರಚಿಕಿತ್ಸಕ. ಮಗನೂ ವೈದ್ಯಕೀಯ ಓದಿದರು, ಆದರೆ ಅವರ ಒಲವು ಪ್ರಯೋಗಾಲಯದತ್ತ ಇತ್ತು. 1887ರಲ್ಲಿ ಪ್ಯಾರಿಸ್‌ನ ವೈದ್ಯಕೀಯ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಮರುವರ್ಷ, ರೋಗಾಣುವಿಗೆ ಪ್ರತಿರೋಧ ಬೆಳೆಸಿಕೊಂಡ ನಾಯಿಯ ರಕ್ತ ಕೊಟ್ಟರೆ ಮೊಲಕ್ಕೂ ರಕ್ಷಣೆ ಸಿಗುತ್ತದೆ ಎಂದು ಜತೆಗಾರರೊಂದಿಗೆ ತೋರಿಸಿದರು. ಪಾಶ್ಚರ್ ಅವರ ಲಸಿಕೆಗಳು ಹೆಸರು ಮಾಡಿದ್ದ ಕಾಲ ಅದು. ಒಮ್ಮೆ ಎದುರಿಸಿದ ಶತ್ರುವನ್ನು ದೇಹ ಮುಂದಿನ ಸಲ ಸುಲಭವಾಗಿ ಸೋಲಿಸುತ್ತದೆ ಎಂಬುದೇ ಆಗಿನ ತಿಳಿವಳಿಕೆ.

ಹಡಗಿನಲ್ಲಿ ಆರಂಭ

1901ರಲ್ಲಿ ಮೊನಾಕೊದ ರಾಜ ಒಂದನೇ ಆಲ್ಬರ್ಟ್ ತಮ್ಮ ಸಂಶೋಧನಾ ಹಡಗಿಗೆ ರಿಶೆ ಮತ್ತು ಪಾಲ್ ಪೋರ್ತಿಯೇ ಅವರನ್ನು ಕರೆದರು. ಜೆಲ್ಲಿ ಮೀನನ್ನು ಹೋಲುವ, ಮುಟ್ಟಿದರೆ ಉರಿಯೇಳಿಸುವ ‘ಪೋರ್ಚುಗೀಸ್ ಮ್ಯಾನ್ ಆಫ್ ವಾರ್’ ಎಂಬ ಕಡಲಜೀವಿಯ ವಿಷವನ್ನು ಪರೀಕ್ಷಿಸುವುದು ಕೆಲಸ. ಊರಿಗೆ ಮರಳಿದ ಮೇಲೆ ಅದು ಸಿಗದ ಕಾರಣ, ಸೀ ಅನಿಮೋನ್ ಎಂಬ ಇನ್ನೊಂದು ಕಡಲಜೀವಿಯ ವಿಷದಿಂದ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು.

ಆ ನಾಯಿಗಳಲ್ಲಿ ಒಂದರ ಹೆಸರು ನೆಪ್ಚೂನ್, ಗಟ್ಟಿಮುಟ್ಟಾದ ನಾಯಿ. ಕಡಿಮೆ ಪ್ರಮಾಣದ ವಿಷ ಕೊಟ್ಟಾಗ ಅದಕ್ಕೆ ಹೆಚ್ಚೇನೂ ಆಗಲಿಲ್ಲ. 22 ದಿನಗಳ ನಂತರ ಮತ್ತೆ ಅಷ್ಟೇ ಕೊಟ್ಟರು. ಕೆಲವೇ ಸೆಕೆಂಡುಗಳಲ್ಲಿ ನಾಯಿ ಏದುಸಿರು ಬಿಡತೊಡಗಿತು, ನಿಲ್ಲಲಾರದೆ ಬಿತ್ತು, ವಾಂತಿ ಮಾಡಿಕೊಂಡಿತು. 25 ನಿಮಿಷಗಳಲ್ಲಿ ಸತ್ತಿತು.

ಲಸಿಕೆ ಕೊಡುವುದು ರಕ್ಷಣೆ. ಇದು ಅದರ ವಿರುದ್ಧ. ಹಾಗಾಗಿ ರಿಶೆ ಗ್ರೀಕ್ ಪದಗಳಿಂದ ‘ಅನಾಫಿಲಾಕ್ಸಿಸ್’ ಎಂಬ ಹೆಸರು ಕಟ್ಟಿದರು. 1902ರಲ್ಲಿ ಫಲಿತಾಂಶ ಪ್ರಕಟವಾಯಿತು. 1913ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಜತೆಗೆ ದುಡಿದ ಪೋರ್ತಿಯೇ ಅವರಿಗೆ ಅದರಲ್ಲಿ ಪಾಲು ಸಿಗಲಿಲ್ಲ.

ಪ್ರಯೋಗಾಲಯದ ಹೊರಗಿನ ರಿಶೆ

ಪ್ರಯೋಗಾಲಯದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ರಿಶೆ, ಹೊರಗೆ ಪ್ರೇತಾತ್ಮಗಳನ್ನು ಕರೆಸುತ್ತೇವೆ ಎನ್ನುವವರನ್ನು ನಂಬಿದರು. ಅವರ ಮೈಯಿಂದ ಹೊಮ್ಮುತ್ತದೆ ಎನ್ನಲಾದ ವಸ್ತುವಿಗೆ ‘ಎಕ್ಟೋಪ್ಲಾಸಂ’ ಎಂಬ ಹೆಸರು ಕೊಟ್ಟವರೂ ಇವರೇ. ಮನುಷ್ಯರಲ್ಲಿ ಮೇಲುಕೀಳು ಜನಾಂಗಗಳಿವೆ ಎಂಬ ಸುಜನನಶಾಸ್ತ್ರದ ವಾದವನ್ನೂ ಎತ್ತಿಹಿಡಿದರು. ಇವೆಲ್ಲ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ನೆಪ್ಚೂನ್ ಕಲಿಸಿದ ಪಾಠ ನಿಂತಿತು. ನೊಬೆಲ್ ಬಂದವರು ಹೇಳಿದ್ದೆಲ್ಲ ನಿಜವಲ್ಲ, ಪುರಾವೆ ಇದ್ದದ್ದು ಮಾತ್ರ ನಿಜ ಎಂಬುದಕ್ಕೆ ಅವರ ಬದುಕೇ ಸಾಕ್ಷಿ. 1935ರಲ್ಲಿ ಅವರು ತೀರಿಕೊಂಡರು.

ಔಷಧಿ ಆಗಲೇ ಇತ್ತು

ರಿಶೆ ಹಡಗು ಹತ್ತಿದ ವರ್ಷವೇ, ಅಮೆರಿಕದಲ್ಲಿದ್ದ ಜಪಾನೀ ರಸಾಯನ ವಿಜ್ಞಾನಿ ಜೋಕಿಚಿ ತಾಕಾಮಿನೆ ಪ್ರಾಣಿಗಳ ಗ್ರಂಥಿಯಿಂದ ಅಡ್ರಿನಾಲಿನ್ ಅನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದನ್ನು ಪ್ರಕಟಿಸಿದರು. ಅನಾಫಿಲಾಕ್ಸಿಸ್‌ನಲ್ಲಿ ರಕ್ತನಾಳಗಳು ಸಡಿಲಗೊಂಡು ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಊದಿಕೊಳ್ಳುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಅಡ್ರಿನಾಲಿನ್ ರಕ್ತನಾಳಗಳನ್ನು ಬಿಗಿಗೊಳಿಸಿ, ಶ್ವಾಸನಾಳವನ್ನು ತೆರೆದು, ಹೃದಯಕ್ಕೆ ಬಲ ಕೊಡುತ್ತದೆ. ಇಂದಿಗೂ ಮೊದಲ ಔಷಧಿ ಇದೇ. ಅಲರ್ಜಿ ಮಾತ್ರೆ ತುರಿಕೆ ಕಡಿಮೆ ಮಾಡಬಹುದು, ಉಸಿರನ್ನು ಉಳಿಸಲಾರದು.

ಇಲ್ಲಿ ನಿಮಿಷಗಳೇ ಮುಖ್ಯ. ಆಹಾರದ ಅಲರ್ಜಿಯಿಂದ ಸತ್ತ ಅಥವಾ ಸಾವಿನ ಅಂಚಿಗೆ ಹೋದ 13 ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ ಅಮೆರಿಕದ ವೈದ್ಯ ಹ್ಯೂ ಸ್ಯಾಂಪ್ಸನ್ ಮತ್ತು ಸಂಗಡಿಗರು 1992ರಲ್ಲಿ ಬರೆದರು. ಸತ್ತ 6 ಮಂದಿಯಲ್ಲಿ ಮೊದಲ ಗಂಟೆಯೊಳಗೆ ಅಡ್ರಿನಾಲಿನ್ ಸಿಕ್ಕಿದ್ದು ಇಬ್ಬರಿಗೆ ಮಾತ್ರ. ಬದುಕುಳಿದ 7 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಅರ್ಧ ಗಂಟೆಯೊಳಗೆ ಸಿಕ್ಕಿತ್ತು.

ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಎಪಿಪೆನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಆದರೆ ಶಾಲೆಯಲ್ಲಿ ಅದು ಸಾಮಾನ್ಯವಾಗಿ ಒಂದು ಮಗುವಿನ ಹೆಸರಿನಲ್ಲೇ ಇರುತ್ತಿತ್ತು. ಅಲರ್ಜಿ ಇದೆಯೆಂದೇ ಗೊತ್ತಿಲ್ಲದ ಮಗುವಿನ ಗತಿ ಏನು? ಅಲ್ಲಿನ ಶಾಲೆಗಳಲ್ಲಿ ಕಂಡುಬರುವ ತೀವ್ರ ಅಲರ್ಜಿಗಳಲ್ಲಿ ಸುಮಾರು ಕಾಲುಭಾಗ ಇಂಥ ಮಕ್ಕಳದ್ದೇ. 2013ರ ನವೆಂಬರ್‌ನಲ್ಲಿ, ರಿಶೆಗೆ ನೊಬೆಲ್ ಬಂದ ಸರಿಯಾಗಿ ನೂರನೇ ವರ್ಷ, ಅಧ್ಯಕ್ಷ ಒಬಾಮ ಒಂದು ಕಾಯಿದೆಗೆ ಸಹಿ ಹಾಕಿದರು. ಯಾರ ಹೆಸರಿಗೂ ಸೇರದ ಅಡ್ರಿನಾಲಿನ್ ಪೆನ್ನುಗಳನ್ನೂ ತರಬೇತಾದ ಸಿಬ್ಬಂದಿಯನ್ನೂ ಶಾಲೆಗಳು ಇಟ್ಟುಕೊಳ್ಳುವಂತೆ ಮಾಡುವ ರಾಜ್ಯಗಳಿಗೆ ಕೇಂದ್ರದ ಆಸ್ತಮಾ ಅನುದಾನದಲ್ಲಿ ಆದ್ಯತೆ ಸಿಗುವಂತಾಯಿತು. ಬ್ರಿಟನ್‌ನಲ್ಲಿ 2017ರಿಂದ ಶಾಲೆಗಳು ವೈದ್ಯರ ಚೀಟಿಯಿಲ್ಲದೆ ಇವನ್ನು ಕೊಳ್ಳಬಹುದು.

ನಾವು ನೆನಪಿಡಬೇಕಾದದ್ದು

ಕಳೆದ ಸಲ ಬರೀ ದದ್ದು ಬಂದಿತ್ತು ಎಂದರೆ ಈ ಸಲವೂ ಅಷ್ಟೇ ಎಂದಲ್ಲ. ಒಗ್ಗಿಸುವ ಚಿಕಿತ್ಸೆ ಈಗ ಇದೆ ನಿಜ, ಆದರೆ ಅದು ತಜ್ಞ ವೈದ್ಯರ ಕಣ್ಣೆದುರು ಅಳೆದು ಕೊಡುವಂಥದ್ದು, ಮನೆಯಲ್ಲಿ ಪರೀಕ್ಷಿಸುವಂಥದ್ದಲ್ಲ. ಏನನ್ನೋ ತಿಂದ ಅಥವಾ ಜೇನುಹುಳ ಕಚ್ಚಿದ ಬಳಿಕ ಮಗುವಿಗೆ ಉಸಿರಾಟ ಕಷ್ಟವಾದರೆ, ದನಿ ಒಡೆದರೆ, ತಲೆಸುತ್ತಿ ಬಿದ್ದರೆ ಕಾಯಬಾರದು. ಪೆನ್ ಇದ್ದರೆ ತೊಡೆಯ ಹೊರಭಾಗಕ್ಕೆ ಚುಚ್ಚಿ, ಆಂಬುಲೆನ್ಸ್ ಕರೆಸಿ. ಮಗುವನ್ನು ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿ. ಎದ್ದು ನಡೆಯಲು ಬಿಡಬೇಡಿ. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ನೆಪ್ಚೂನ್‌ಗೆ ಇದ್ದದ್ದು 25 ನಿಮಿಷ. ಮಗುವಿಗೆ ಅಷ್ಟೂ ಇಲ್ಲದಿರಬಹುದು.