ಹಡಗು ಹತ್ತದವನ ಕಡಲ ಯುದ್ಧ

ನಮ್ಮದು ಬಸವಕಲ್ಯಾಣ ಕಡೆಯ ಗೋರ್ಟಾ (ಬಿ). ಸುತ್ತ ತೊಗರಿ, ಸೋಯಾ ಹೊಲಗಳು. ಸಮುದ್ರವನ್ನು ನಾನು ಇವತ್ತಿಗೂ ಮೊಬೈಲಿನಲ್ಲಷ್ಟೇ ನೋಡಿದ್ದೇನೆ. ಆದರೂ ಹಡಗಿನ ಮೇಲೆ ಕೆಲಸ ಮಾಡಬೇಕೆಂಬ ಹುಚ್ಚು ಪಿಯುಸಿಯಿಂದಲೇ ಹತ್ತಿತ್ತು. ಅರ್ಜಿ ಹಾಕಿದೆ, ಓಡಿದೆ, ಬರೆದೆ, ಎಲ್ಲದರಲ್ಲೂ ಪಾಸಾದೆ. ಕೊನೆಗೆ ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದು ಎಂದರು, ಆಗಲಿಲ್ಲ. ಕೆಂಪು, ಹಸಿರು ನನಗೆ ಸರಿಯಾಗಿ ಬೇರೆಯಾಗಿ ಕಾಣುವುದಿಲ್ಲ ಎಂಬುದು ಗೊತ್ತಾಗಿದ್ದೇ ಆ ದಿನ. ಊರಿಗೆ ಬಂದು ಅಪ್ಪನಿಗೆ ಹೇಳಿದೆ. ತೊಗರಿ ಹೂವಿನ ಬಣ್ಣ ಯಾವುದೆಂದು ಕೇಳಿದರು. ಹಳದಿ ಎಂದೆ. ಕಣ್ಣು ಚೆನ್ನಾಗೇ ಇದೆಯಲ್ಲ ಎನ್ನುತ್ತಾ ಎದ್ದು ಹೋದರು.

ಆಮೇಲೆ ಬಸವಕಲ್ಯಾಣದಲ್ಲಿ ರೂಮು ಮಾಡಿಕೊಂಡು ಬೇರೆ ಪರೀಕ್ಷೆಗಳಿಗೆ ಓದತೊಡಗಿದೆ. ರೂಮಿನ ಗೆಳೆಯನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ಆಟವಿತ್ತು, ಹೆಸರು ‘ಹಾರ್ಪೂನ್’. ಅಮೆರಿಕದ ನೌಕಾಪಡೆಯಲ್ಲಿದ್ದ ಲ್ಯಾರಿ ಬಾಂಡ್ 1980ರಲ್ಲಿ ಕಾಗದದ ಆಟವಾಗಿ ಮಾಡಿದ್ದು, 1989ರಲ್ಲಿ ಕಂಪ್ಯೂಟರಿಗೆ ಬಂತು. ಆಮೇಲೂ ವರ್ಷಗಟ್ಟಲೆ ಹೊಸ ರೂಪಗಳಲ್ಲಿ ಬರುತ್ತಲೇ ಇತ್ತು. ಅದರಲ್ಲಿ ಬೆಂಕಿ, ಹೊಗೆ, ಸ್ಫೋಟದ ಅಬ್ಬರವಿಲ್ಲ. ನಕಾಶೆಯ ಮೇಲೆ ಸಣ್ಣ ಗುರುತುಗಳಿರುತ್ತವೆ, ಅಷ್ಟೇ. ರಾಡಾರ್ ಹಚ್ಚಿದರೆ ಶತ್ರು ಕಾಣುತ್ತಾನೆ, ಆದರೆ ನಾವಿರುವ ಜಾಗವೂ ಅವನಿಗೆ ಗೊತ್ತಾಗುತ್ತದೆ. ಹಚ್ಚಬೇಕೋ ಆರಿಸಬೇಕೋ ಎಂದು ಯೋಚಿಸುವುದರಲ್ಲೇ ರಾತ್ರಿ ಕಳೆಯುತ್ತದೆ. ಕಾದಂಬರಿಕಾರ ಟಾಮ್ ಕ್ಲಾನ್ಸಿ ತನ್ನ ‘ರೆಡ್ ಸ್ಟಾರ್ಮ್ ರೈಸಿಂಗ್’ ಬರೆಯುವಾಗ ಕಡಲ ಕಾಳಗವನ್ನು ಇದೇ ಆಟದಲ್ಲಿ ಆಡಿ ನೋಡಿದ್ದನಂತೆ.

ಇಂಥ ಆಟವನ್ನು ಮೊದಲು ಯೋಚಿಸಿದವರು ಯಾರೆಂದು ಹುಡುಕುತ್ತಾ ಹೋದಾಗ ಫ್ರೆಡ್ ಟಿ. ಜೇನ್ ಸಿಕ್ಕರು. ಓದಬೇಕಿದ್ದ ಅರ್ಥಶಾಸ್ತ್ರದ ಪುಸ್ತಕ ಒಂದು ವಾರ ಮುಚ್ಚಿಯೇ ಇತ್ತು.

ಜೇನ್ ಹುಟ್ಟಿದ್ದು 1865ರ ಆಗಸ್ಟ್ 6ರಂದು, ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ. ತಂದೆ ಚರ್ಚಿನ ಪಾದ್ರಿ. ಹುಡುಗ ಓದಿದ್ದು ಎಕ್ಸೆಟರ್‌ನಲ್ಲಿ. 1882ರಲ್ಲಿ ಬ್ರಿಟಿಷ್ ಹಡಗುಗಳು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಮೇಲೆ ಗುಂಡಿನ ಮಳೆ ಸುರಿಸಿದ ಸುದ್ದಿ ಬಂದಾಗ ಅವನಿಗೆ ಹದಿನಾರು. ಆಗಿನಿಂದ ಉಕ್ಕಿನ ಕವಚದ ಹಡಗುಗಳ ಚಿತ್ರ ಬರೆಯುವುದೇ ಕೆಲಸವಾಯಿತು. ನೌಕಾಪಡೆ ಸೇರುವ ಆಸೆಯಿತ್ತು, ಆರೋಗ್ಯ ಬಿಡಲಿಲ್ಲ. ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಹೊರಗೆ ಹೋಗಿ ಚಹಾ ಕುಡಿದು ಬಂದೆ.

ಮುಂದೆ ಲಂಡನ್. ಗ್ರೇಸ್ ಇನ್ ರಸ್ತೆಯ ಒಂದು ಮನೆಯ ಅಟ್ಟದಲ್ಲಿ ವಾಸ, ಕೈಯಲ್ಲಿ ಕಾಸಿಲ್ಲ. ಪತ್ರಿಕೆಗಳಿಗೆ, ಬೇರೆಯವರ ಕಾದಂಬರಿಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆದರು. ಹಾರುವ ಯುದ್ಧನೌಕೆಗಳ ಕಥೆಯಿರುವ ‘ದಿ ಏಂಜಲ್ ಆಫ್ ದಿ ರೆವಲ್ಯೂಷನ್’ ಕಾದಂಬರಿಯ ಚಿತ್ರಗಳು ಅವರವೇ. ತಾವೂ ಕಾದಂಬರಿ ಬರೆದರು. ಐದು ಸೆಕೆಂಡಿನಲ್ಲಿ ಶುಕ್ರಗ್ರಹಕ್ಕೆ ಹೋಗುವ ಕಥೆಯೂ ಅದರಲ್ಲೊಂದು. ಅವರ ಕಾದಂಬರಿಗಳನ್ನು ಈಗ ಯಾರೂ ಓದುತ್ತಿರಲಿಕ್ಕಿಲ್ಲ. ಆದರೆ ಪತ್ರಿಕೆಯ ಕೆಲಸದ ನೆಪದಲ್ಲಿ ನೌಕಾಪಡೆಯ ಕವಾಯತುಗಳನ್ನು ನೋಡಲು ಹಡಗಿನ ಮೇಲೆ ಹೋಗುವ ಅವಕಾಶ ಸಿಕ್ಕಿತು. ಸೈನಿಕನಾಗಿ ಹತ್ತಲಾಗದ ಹಡಗನ್ನು ಪೆನ್ಸಿಲ್ ಹಿಡಿದು ಹತ್ತಿದರು.

1898ರಲ್ಲಿ ಅವರ ಆಟ ಹೊರಬಂತು. ಮೇಜಿನ ಮೇಲೆ ಚೌಕ ಚೌಕದ ಸಮುದ್ರ, ಅದರ ಮೇಲೆ ಪುಟ್ಟ ಮಾದರಿ ಹಡಗುಗಳು. ಗುಂಡು ಹಾರಿಸುವ ರೀತಿಯೇ ಬಹಳ ಮಜಾ. ಒಂದು ಚಪ್ಪಟೆ ಕೋಲು, ಅದರ ತುದಿಯಲ್ಲಿ ನಟ್ಟನಡುವೆ ಅಲ್ಲದೆ ಸ್ವಲ್ಪ ಪಕ್ಕಕ್ಕೆ ಚುಚ್ಚಿದ ಮೊಳೆ. ಶತ್ರು ಹಡಗಿನ ಚಿತ್ರವಿರುವ ಕಾರ್ಡಿನ ಮೇಲೆ ಅದರಿಂದ ಹೊಡೆಯಬೇಕು. ಹಡಗು ದೂರವಿದ್ದರೆ ಚಿತ್ರ ಚಿಕ್ಕದು, ಹತ್ತಿರವಿದ್ದರೆ ದೊಡ್ಡದು. ಮೊಳೆ ಚುಚ್ಚಿದ ಜಾಗದಲ್ಲಿ ಕವಚ ಎಷ್ಟು ದಪ್ಪ, ಹೊಡೆದ ತೋಪಿನ ಗುಂಡು ಅದನ್ನು ಸೀಳಬಲ್ಲದೇ ಎಂದು ಲೆಕ್ಕ ಹಾಕುವುದು. ಎಂಜಿನ್‌ಗೆ ಬಿದ್ದರೆ ವೇಗ ಇಳಿಯಿತು, ತೋಪಿಗೆ ಬಿದ್ದರೆ ತೋಪು ಹೋಯಿತು. ನಾನು ಲ್ಯಾಪ್‌ಟಾಪ್‌ನಲ್ಲಿ ಗುಂಡಿ ಒತ್ತಿದಾಗ ಒಳಗೆ ನಡೆಯುವುದೂ ಈ ಜಾತಿಯ ಲೆಕ್ಕವೇ. ಇದನ್ನು ನಿಜವಾದ ನೌಕಾಧಿಕಾರಿಗಳೇ ಕುಳಿತು ಆಡಿದರು.

ಆಡಲು ಪ್ರತಿ ಹಡಗಿನ ವಿವರ ಬೇಕಲ್ಲ? ಅದೇ ವರ್ಷ ಜಗತ್ತಿನ ಯುದ್ಧನೌಕೆಗಳನ್ನೆಲ್ಲ ತಾವೇ ಚಿತ್ರಿಸಿ ‘ಆಲ್ ದಿ ವರ್ಲ್ಡ್ಸ್ ಫೈಟಿಂಗ್ ಶಿಪ್ಸ್’ ತಂದರು. ಆಟಕ್ಕೆ ಜೊತೆಯಾಗಿ ಬಂದ ಪುಸ್ತಕ ಆಟವನ್ನೇ ಮೀರಿಸಿತು. ‘ಜೇನ್ಸ್’ ಎಂದರೆ ಇಂದಿಗೂ ಹಡಗುಗಳ ಜಾತಕ. 1909ರಲ್ಲಿ ಆಕಾಶದ ಯಂತ್ರಗಳಿಗೂ ಒಂದು ಪುಸ್ತಕ ಶುರು ಮಾಡಿದರು. ನಮ್ಮ ಬೀದರ್ ವಾಯುನೆಲೆಯಿಂದ ಹಾರುವ ಸೂರ್ಯಕಿರಣ್ ತಂಡದ ಹಾಕ್ ವಿಮಾನದ ವಿವರವೂ ಆ ಸಾಲಿನ ಪುಸ್ತಕಗಳಲ್ಲಿ ಸಿಗುತ್ತದೆ.

ಜೇನ್ ತುಂಬಾ ಗಂಭೀರ ಮನುಷ್ಯರೇನಲ್ಲ. 1906ರಲ್ಲಿ ನೌಕಾಪಡೆಯ ಪರವಾಗಿ ಪೋರ್ಟ್ಸ್‌ಮತ್‌ನಿಂದ ಪಕ್ಷೇತರರಾಗಿ ಚುನಾವಣೆಗೆ ನಿಂತು ಸೋತರು. ವಿಕ್ಟರ್ ಗ್ರೇಸನ್ ಎಂಬ ಸಮಾಜವಾದಿ ಸಂಸದರನ್ನು ಕಾರಿನಲ್ಲಿ ಕೂರಿಸಿಕೊಂಡು, ಭಾಷಣದ ಸಭೆಗೆ ಮುಟ್ಟದಂತೆ ಎತ್ತಲೋ ಕರೆದೊಯ್ದದ್ದೂ ಉಂಟು. ತಮಾಷೆಗೇ ಮಾಡಿದ್ದಿರಬಹುದು. ನನಗಂತೂ ಅದು ಹಿಡಿಸಲಿಲ್ಲ.

1916ರ ಮಾರ್ಚ್ 8ರಂದು ಸೌತ್‌ಸೀಯ ಮನೆಯಲ್ಲಿ ತೀರಿಕೊಂಡರು. ವಯಸ್ಸು ಐವತ್ತಷ್ಟೇ. ಮೂರು ತಿಂಗಳೂ ತುಂಬಿರಲಿಲ್ಲ, ಮೇ 31ರಂದು ಜಟ್‌ಲ್ಯಾಂಡ್ ಕಾಳಗ ನಡೆಯಿತು. ಬ್ರಿಟನ್ ಮತ್ತು ಜರ್ಮನಿಯ ಸುಮಾರು 250 ಹಡಗುಗಳು ಎದುರಾದವು. ಜೀವಮಾನವಿಡೀ ಮೇಜಿನ ಮೇಲೆ ಆಡಿದ ಯುದ್ಧ ಕೊನೆಗೂ ನೀರಿನ ಮೇಲೆ ನಡೆದಾಗ ಅವರಿರಲಿಲ್ಲ.

ಅವರ ಪುಸ್ತಕದ ಹಳೆಯ ಆವೃತ್ತಿಗಳು ಈಗ ಉಚಿತವಾಗಿ ಸಿಗುತ್ತವೆ. ಅದರಲ್ಲಿ ಹಡಗುಗಳ ನೆರಳುಚಿತ್ರಗಳಿವೆ. ಬರೀ ಕಪ್ಪು ಆಕೃತಿ. ದೂರದಿಂದ ಕಂಡ ಹಡಗನ್ನು ಹೊಗೆಕೊಳವೆ ಎಷ್ಟು, ಕಂಬ ಎಲ್ಲಿದೆ ಎಂಬುದರಿಂದಲೇ ಗುರುತಿಸಬೇಕು. ಬಣ್ಣದ ಕೆಲಸವೇ ಇಲ್ಲ. ಎರಡು ಪುಟ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ರೂಮಿನ ಗೋಡೆಗೆ ಅಂಟಿಸಿದ್ದೇನೆ.

ಹೋದ ವಾರ ಅಪ್ಪ ಬುತ್ತಿ ಕೊಡಲು ಬಂದಿದ್ದರು. ಕೆಲಸದ ಮಾತು ಎತ್ತಲಿಲ್ಲ. ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಎರಡನೇ ಸಾಲಿನ ಎರಡು ಹಡಗುಗಳ ಮೇಲೆ ಬೆರಳಿಟ್ಟು, ನೋಡಲು ಒಂದೇ ಥರ ಇದ್ದರೂ ಇದರದ್ದು ಹಿಂದಿನ ಕಂಬ ಗಿಡ್ಡ ಎಂದರು. ನಾನು ಅದನ್ನು ಗಮನಿಸಿರಲಿಲ್ಲ.