ದಿ. ಡಾ. ಯಲ್ಲಾಪ್ರಗಡ ಸುಬ್ಬರಾವ್ ರವರ ಜೀವನ ಪರಿಚಯ

ಡಾ. ಸುಬ್ಬರಾವ್ ರವರು ದಿನಾಂಕ 12-01-1895ರಂದು ಆಂಧ್ರದ ಭೀಮವರಂನಲ್ಲಿ ಜನಿಸಿದರು. ಸ್ಪ್ರೂ ಎಂಬ ಕರುಳಿನ ವ್ಯಾಧಿಯು ಇವರ ಸೋದರನನ್ನು ಬಲಿ ತೆಗೆದುಕೊಂಡಿತ್ತು. ಅದಕ್ಕೆ ಔಷಧವಾದ ಫೋಲಿಕ್ ಆಮ್ಲವನ್ನು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಇವರ ತಂಡವೇ ತಯಾರಿಸಿತು. ಅದರ ಕಾರ್ಯಕ್ಕೆ ತಡೆಯೊಡ್ಡುವ ಅಮಿನೋಪ್ಟೆರಿನ್, ಮೆಥೊಟ್ರೆಕ್ಸೇಟ್ ಸಹ ಅಲ್ಲಿಯವೇ.

1948ರಲ್ಲಿ ಬಾಸ್ಟನ್‌ನ ಡಾ. ಸಿಡ್ನಿ ಫಾರ್ಬರ್ ರವರು ರಕ್ತಕ್ಯಾನ್ಸರ್ ಪೀಡಿತ ಮಕ್ಕಳಿಗೆ ಅಮಿನೋಪ್ಟೆರಿನ್ ನೀಡಿದಾಗ ಗುಣ ಕಂಡಿತಾದರೂ ರೋಗ ಮರುಕಳಿಸಿತು. ಮೆಥೊಟ್ರೆಕ್ಸೇಟ್ ತಡೆಯುವ ಕಿಣ್ವವನ್ನು ಕ್ಯಾನ್ಸರ್ ಕೋಶವು ಹೆಚ್ಚು ಉತ್ಪಾದಿಸಿ ಪಾರಾಗಬಲ್ಲದೆಂದು ನಂತರ ತಿಳಿದುಬಂದಿತು. ಬೇರೊಂದು ಮಾರ್ಗವನ್ನು ತಡೆಯುವ 6-ಮರ್ಕ್ಯಾಪ್ಟೋಪ್ಯೂರಿನ್ ಅನ್ನು ಜೊತೆಗೂಡಿಸಿದರೆ ಆ ದಾರಿ ಕಠಿಣವಾಗುತ್ತದೆ. ತುರ್ವಿಹಾಳ ಭಾಗದ ಕುಟುಂಬಗಳು ವೈದ್ಯರು ಬರೆದ ಎರಡು ಮಾತ್ರೆಗಳಲ್ಲಿ ಒಂದನ್ನು, ಖರ್ಚಿನ ಕಾರಣಕ್ಕಾದರೂ, ಸ್ವತಃ ನಿಲ್ಲಿಸತಕ್ಕದ್ದಲ್ಲ.

ಡಾ. ಸುಬ್ಬರಾವ್ ರವರು ಅಮೆರಿಕದ ಪೌರತ್ವ ಪಡೆಯದೆಯೇ 1948ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನರಾದರು. 1995ರಲ್ಲಿ ಭಾರತೀಯ ಅಂಚೆ ಇಲಾಖೆಯು ಇವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.